ಈಡು

ಅಪ್ಪನ ತಕ್ಕಡಿಯಲ್ಲಿ ಈಗ ಚಿನ್ನ ಕೂರುವುದಿಲ್ಲ.
ಮುಳ್ಳೇರಿಯ ಪೇಟೆಗೆ ಗಾಜಿನ ಜುವೆಲರಿ ಬಂದ ವರ್ಷ
ಅಗ್ಗಿಷ್ಟಿಕೆ ಆರಿತು,
ಊದುಕೊಳವೆಯೊಳಗೆ ಜೇಡ ಒಕ್ಕಲಾಯಿತು.

ವರ್ಷಕ್ಕೆರಡು ಸಲ ಕುಂಞಂಬು ಮಣಿಯಾಣಿ ಬರುತ್ತಾರೆ.
ಮುಂಡಿನ ಮಡಿಕೆಯಿಂದ ಐದು ಹಿತ್ತಾಳೆ ತೋಟೆ ತೆಗೆದು
ಚಾಪೆಯ ಮೇಲೆ ಸಾಲಾಗಿ ಇಡುತ್ತಾರೆ.
ಮಗಳ ಬಳೆ ಕರಗಿಸಲು ಕೊಟ್ಟವರ ಹಾಗೆ
ಕೈ ಹಿಂದೆಗೆಯಲು ಒಂದಿಷ್ಟು ತಡ.

ಈ ತೋಟೆಗೆ ಹೆಸರಿಲ್ಲ.
ಅವರ ಅಜ್ಜನ ರೈಫಲ್ಲಿನ ಅಳತೆಯದ್ದು
ಯಾವ ಕಾರ್ಖಾನೆಯಲ್ಲೂ ಹುಟ್ಟುವುದಿಲ್ಲ.
ಬೇರೆ ಯಾವುದೋ ಕೋವಿಯದ್ದನ್ನು
ನನ್ನಜ್ಜ ಕಾಯಿಸಿ, ಕುತ್ತಿಗೆ ಹಿಂಡಿ, ಹೆಗಲು ತಗ್ಗಿಸಿ
ಈ ಗಂಟಲಿಗೆ ಒಗ್ಗಿಸಿದ್ದು.
ಲೈಸೆನ್ಸು ನೋಡಲು ಬಂದ ಆಫೀಸರು ಕೇಳಿದರಂತೆ:
"ಇದು ಯಾವ ಜಾತಿಯದ್ದು?"
"ಆಚಾರಿ ಜಾತಿಯದ್ದು ಸಾರ್."

ಮಣಿಯಾಣಿಯ ಬೀಡಿಯನ್ನು ಗೇಟಿನಾಚೆ ಕಳಿಸಿ
ಅಪ್ಪ ಕೂರುತ್ತಾನೆ. ನಾನು ಫ್ಯಾನು ನಿಲ್ಲಿಸಬೇಕು,
ಉಸಿರನ್ನೂ.
ಒಂದು ತಟ್ಟೆಯಲ್ಲಿ ಮದ್ದು,
ಇನ್ನೊಂದರಲ್ಲಿ ಗುಲಗಂಜಿ,
ಅಜ್ಜ ಒಂದೊಂದೇ ಆರಿಸಿಟ್ಟ ಕೆಂಪು ಕಾಳು.
ಎಷ್ಟು ಕಾಳೆಂದು ಅಪ್ಪ ಬಾಯಿಬಿಟ್ಟು ಹೇಳಿದ್ದಿಲ್ಲ,
ನನಗೂ.
"ಚಿನ್ನದಲ್ಲಿ ಒಂದು ಗುಲಗಂಜಿ ತಪ್ಪಿದರೆ
ಗಿರಾಕಿ ಬೈದು ಹೋಗುತ್ತಾನೆ.
ಇದರಲ್ಲಿ ತಪ್ಪಿದರೆ
ಬೈಲಿಕ್ಕೆ ಅವನು ಇರಲಿಕ್ಕಿಲ್ಲ."

ಕುತ್ತಿಗೆ ಕಾಯಿಸುವುದು ಬೇರೆ ದಿನ, ಮದ್ದು ದೂರವಿಟ್ಟು.
ಆ ದಿನ ಜೇಡ ಮನೆ ಖಾಲಿ ಮಾಡುತ್ತದೆ.
ಹಿತ್ತಾಳೆಯ ಮೈಮೇಲೆ ನೀಲಿ ಹರಿಯುವ ಗಳಿಗೆ
ಅಪ್ಪನ ಕೆನ್ನೆ ಉಬ್ಬಿ,
ಮೂವತ್ತು ವರ್ಷ ಕಡಿಮೆಯಾಗುತ್ತದೆ.
"ಪೆಟ್ಟು ತಿಂದು ತಿಂದು ಲೋಹಕ್ಕೆ ಹಟ ಬರುತ್ತದೆ ಮಾರಾಯ್ತಿ,
ಬೆಂಕಿ ತೋರಿಸಿ ಸಮಾಧಾನ ಮಾಡಬೇಕು."

ನಾನು ಸಹಕಾರಿ ಬ್ಯಾಂಕಿನಲ್ಲಿ
ಈಡು ಬರುವ ಚಿನ್ನ ತಿಕ್ಕುವವಳು.
ಒರೆಗಲ್ಲಿಗೆ ಗೆರೆ ಎಳೆದು
ಯಾರ ಕೊರಳಿಗೆ ಎಷ್ಟು ಸಾಲವೆಂದು ಬರೆಯುವವಳು.
ಅಲ್ಲಿ ಈಡೆಂದರೆ ಅಡವು, ಇಲ್ಲಿ ಈಡೆಂದರೆ ಬೆಡಿ.
ಅಲ್ಲಿಯದಕ್ಕೆ ಮೂರು ನೋಟೀಸು, ಒಂದು ವಾಯಿದೆ.
ಇಲ್ಲಿಯದು ಬಿಟ್ಟಿತೋ, ಬಿಟ್ಟಿತು.

ಮೊನ್ನೆ ಪಂಚಾಯತಿನ ಕಾಗದ ಬಂತು.
ನಸುಕಿಗೆ ರಬ್ಬರು ಕೆತ್ತಲು ಹೊರಟ ಕಾರ್ತ್ಯಾಯಿನಿಯ
ತೊಡೆ ಸೀಳಿದ ಹಂದಿಯನ್ನು ಹೊಡೆಯಬಹುದೆಂದು, ಸೀಲು ಸಮೇತ.
ರಾತ್ರಿ ಎರಡೂವರೆಗೆ
ಎರಡು ಗುಡ್ಡೆಯಾಚೆ ಒಂದೇ ಒಂದು ಈಡು.
ಅಪ್ಪ ಹಾಸಿಗೆಯಲ್ಲಿ ಎದ್ದು ಕೂತ.
ಕಿವಿಯಲ್ಲೇ ತೂಗಿದ.
"ಸರಿ ಉರಿದಿದೆ," ಎಂದು ಮಲಗಿದ.

ಬೆಳಿಗ್ಗೆ ಮಣಿಯಾಣಿ ಬಂದರು.
ನಾಲ್ಕು ತುಂಬಿದ್ದು, ಒಂದು ಖಾಲಿ.
"ಬಿತ್ತಾ?"
ಚಾ ಆರುವವರೆಗೂ ಉತ್ತರವಿಲ್ಲ.
"ಹೆಣ್ಣು. ಹಿಂದೆ ಗೆರೆಗೆರೆ ಮೈಯ ಆರು ಮರಿ.
ಮಣ್ಣಿಗೆ ಬಿಟ್ಟೆ. ಓಡಿದವು.
ಕಾರ್ತ್ಯಾಯಿನಿಗೆ ಹೇಳಬೇಡ."

ಅಪ್ಪ ಖಾಲಿ ತೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.
ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು.
"ಇದು ಮುಗಿಯಿತು ಮಣಿಯಾಣಿ.
ಹೊಸದು ಮಾಡುವ ಕೈ ಅಜ್ಜನೊಟ್ಟಿಗೇ ಹೋಗಿದೆ."
"ನಾಲ್ಕು ಸಾಕು," ಎಂದರು ಅವರು.
"ನನಗೂ ಎಪ್ಪತ್ತಾರು."

ಬಿರುಕಿನದ್ದನ್ನು ನಾನು ಕೇಳಿ ತೆಗೆದುಕೊಂಡೆ.
ಬ್ಯಾಂಕಿನಲ್ಲಿ, ಊಟದ ಹೊತ್ತಿಗೆ ಯಾರೂ ಇಲ್ಲದಾಗ
ಒರೆಗಲ್ಲಿಗೆ ಒಂದು ಗೆರೆ ಎಳೆದೆ.
ಹಳದಿ, ಥೇಟು ಹಳದಿ.
ಆಸಿಡ್ಡಿನ ಬಾಟಲಿಯ ಮುಚ್ಚಳ ತೆಗೆಯಲಿಲ್ಲ.

ಅವತ್ತು ರಾತ್ರಿ ಚಾಪೆ ಸುತ್ತುವ ಮೊದಲು ಅಪ್ಪ
ಹೋದ ಸಲ ಸಂದಿಗೆ ಉದುರಿದ ಮದ್ದಿನ ಹುಡಿಯನ್ನು
ಕೋಳಿಗರಿಯಲ್ಲಿ ಗುಡಿಸಿ, ಕಾಗದಕ್ಕೆ ಸುರಿದು,
ಮೂರು ಮಡಿಕೆ ಮಡಚಿ, ತುದಿ ಒಳಗೆ ಸಿಕ್ಕಿಸಿದ,
ಕಿರುಬೆರಳಿನಿಂದ ಒತ್ತಿ.
ಆಮೇಲೆ ನೆನಪಾಗಿ,
ಕೈಯಲ್ಲಿದ್ದ ಪೊಟ್ಟಣ ನೋಡಿ
ನಕ್ಕ.